ಸೆಕೆಂಡ್‌ಹ್ಯಾಂಡ್ ಮಹಾರಥ ಲಕ್ಷಣ

ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1129ರಲ್ಲಿ ಮುಗಿಸಿದ ‘ಮಾನಸೋಲ್ಲಾಸ’ದಲ್ಲಿ ಆನೆ ಹಿಡಿಯುವುದರಿಂದ ಮೀನಿನ ಅಡುಗೆಯವರೆಗೆ ಅರಸನಿಗೆ ಗೊತ್ತಿರಬೇಕಾದ ನೂರು ಅಧ್ಯಾಯಗಳಿವೆ. ಕುದುರೆಯ ವಿಚಾರವೂ ಇದೆ. ಆದರೆ ಮೂರು ಕೈ ಬದಲಾದ, ಐದು ಮೀಟರ್ ಉದ್ದದ ಐಷಾರಾಮಿ ಸೆಡಾನನ್ನು ಕೊಳ್ಳುವ ಮುನ್ನ ಎಲ್ಲೆಲ್ಲಿ ಬಗ್ಗಿ ನೋಡಬೇಕು ಎಂಬ ಬಗ್ಗೆ ಒಂದು ಶ್ಲೋಕವೂ ಇಲ್ಲ. ಸುಮಾರು ಒಂಬತ್ತು ಶತಮಾನಗಳ ಈ ಲೋಪವನ್ನು ತುಂಬುವ ಹೊಣೆಯನ್ನು, ಯಾರೂ ಕೇಳದಿದ್ದರೂ, ಪ್ರಸ್ತುತ ಪ್ರಬಂಧ ಹೊತ್ತಿದೆ.

ಅಧ್ಯಯನಕ್ಕೆ ಆಯ್ದುಕೊಂಡಿರುವುದು ಮರ್ಸಿಡಿಸ್ ಬೆಂಜ್ ಎಸ್ ಕ್ಲಾಸ್. ಅದರಲ್ಲೂ 1998ರಿಂದ 2005ರವರೆಗೆ ತಯಾರಾದ, ಬಲ್ಲವರು ಡಬ್ಲ್ಯೂ 220 ಎಂದು ಕರೆಯುವ ಪೀಳಿಗೆ. ಇದರ ಹಿಂದಿನ ಪೀಳಿಗೆಯಾದ ಡಬ್ಲ್ಯೂ 140 ಸಾಮಾನ್ಯದ್ದಲ್ಲ. ಕಿಟಕಿಗೆ ಎರಡು ಪದರದ ಗಾಜು. ಮೊದಲ ವರ್ಷಗಳ ಕಾರುಗಳಲ್ಲಿ ರಿವರ್ಸ್ ಗೇರ್ ಹಾಕಿದರೆ, ಕಾರು ಎಲ್ಲಿಗೆ ಮುಗಿಯುತ್ತದೆಂದು ಚಾಲಕನಿಗೆ ತೋರಿಸಲು ಹಿಂಬದಿಯ ಎರಡೂ ಮೂಲೆಗಳಿಂದ ಕೋಲುಗಳು ಎದ್ದು ನಿಲ್ಲುತ್ತಿದ್ದವು. ಅಷ್ಟು ಅದ್ದೂರಿ ಅಪ್ಪನಿಗೆ ಹುಟ್ಟಿದ, ತುಸು ಸಪೂರ ಮಗ ಈ 220. ಇವತ್ತು ಹೊಸ ಸಣ್ಣ ಕಾರಿನ ದುಡ್ಡಿಗೆ ಸಿಗುತ್ತದೆ. ಕಾರಿನ ಬೆಲೆ ಇಳಿದಿದೆ ನಿಜ. ಬಿಡಿಭಾಗಗಳಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಪೂರ್ವಪಕ್ಷ ಹೀಗಿದೆ: ಕಾರಿನ ಸತ್ವ ಇರುವುದು ಓಟದಲ್ಲಿ. ಎಸ್ 500ರ ಐದು ಲೀಟರ್ ವಿ8 ಎಂಜಿನ್ನಿಗೆ 306 ಅಶ್ವಶಕ್ತಿ, 460 ನ್ಯೂಟನ್ ಮೀಟರ್ ಟಾರ್ಕ್. ನಿಂತಲ್ಲಿಂದ ನೂರರ ವೇಗಕ್ಕೆ ಆರೂವರೆ ಸೆಕೆಂಡ್. ಆದ್ದರಿಂದ ನೈಸ್ ರಸ್ತೆಗೆ ಒಯ್ದು ಒಮ್ಮೆ ಒತ್ತಿ ನೋಡಿದರೆ ಸಾಕು ಎನ್ನುತ್ತಾರೆ ದಲ್ಲಾಳಿ ಪಂಥದವರು.

ಇದು ಒಪ್ಪತಕ್ಕದ್ದಲ್ಲ. ಸಂಜೆ ಆರೂವರೆಗೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಆ 306 ಕುದುರೆಗಳೂ ಒಂದು ಬಿಎಂಟಿಸಿ ಬಸ್ಸಿನ ಹಿಂದೆ ತಲೆ ತಗ್ಗಿಸಿ ನಿಂತಿರುತ್ತವೆ. ಬೆಂಗಳೂರಿನಲ್ಲಿ ಕಾರೆಂಬುದು ಮೂಲತಃ ನಿಲ್ಲುವ ವಸ್ತು. ಓಟ ಅದಕ್ಕೆ ಒದಗುವ ಆಗಂತುಕ ಗುಣ. ಅಷ್ಟೇ ಅಲ್ಲ, ಎಂಥ ಮುದಿ ಎಸ್ ಕ್ಲಾಸೂ ಓಡುವಾಗ ಚೆನ್ನಾಗಿಯೇ ಓಡುತ್ತದೆ. ಅದರ ಗುಟ್ಟು ರಟ್ಟಾಗುವುದು ನಿಂತಾಗ. ಪ್ರಬಂಧಕಾರರ ಸಿದ್ಧಾಂತ ಇದೇ: ನಿಂತ ಕಾರನ್ನೇ ಪರೀಕ್ಷಿಸಬೇಕು, ಸಾಧ್ಯವಾದರೆ ಇಡೀ ರಾತ್ರಿ.

ಇದಕ್ಕೆ ಆಧಾರ ‘ಏರ್‌ಮ್ಯಾಟಿಕ್’. ಈ ಕಾರಿನ ನಾಲ್ಕು ಮೂಲೆಗಳಲ್ಲಿ ಉಕ್ಕಿನ ಸುರುಳಿ ಸ್ಪ್ರಿಂಗ್ ಇಲ್ಲ, ಗಾಳಿ ತುಂಬಿದ ರಬ್ಬರ್ ಚೀಲಗಳಿವೆ. ಕಂಪ್ರೆಸರ್ ಗಾಳಿ ಒತ್ತುತ್ತದೆ, ವಾಲ್ವ್‌ಗಳು ಅದನ್ನು ಹಂಚುತ್ತವೆ, ಕಾರು ತೇಲುತ್ತದೆ. ವರ್ಷಗಳು ಕಳೆದಂತೆ ರಬ್ಬರಿನ ಮಡಿಕೆಗಳಲ್ಲಿ ಬಿರುಕು ಬಿಡುತ್ತದೆ. ಗಾಳಿ ಸೋರಿದಷ್ಟೂ ಕಂಪ್ರೆಸರ್ ಜಾಸ್ತಿ ದುಡಿಯುತ್ತದೆ. ದುಡಿದು ದುಡಿದು ಅದೂ ಸುಟ್ಟುಹೋಗುತ್ತದೆ. ಹಾಗಾಗಿ ಪರೀಕ್ಷಾವಿಧಿ ಹೀಗೆ. ಸಂಜೆ ಸಮತಟ್ಟಾದ ನೆಲದಲ್ಲಿ ಕಾರು ನಿಲ್ಲಿಸಿ, ದರ್ಜಿಯ ಟೇಪು ಹಿಡಿದು, ಪ್ರತಿ ಚಕ್ರದ ನಡುವಿನಿಂದ ಮೇಲಿನ ಮಡ್ಗಾರ್ಡಿನ ಅಂಚಿನವರೆಗೆ ಅಳೆದು ಬರೆದಿಟ್ಟುಕೊಳ್ಳಬೇಕು. ಬೆಳಿಗ್ಗೆ, ಯಾರೂ ಸ್ಟಾರ್ಟ್ ಮಾಡುವ ಮುಂಚೆ, ಮತ್ತೆ ಅಳೆಯಬೇಕು. ಒಂದು ಮೂಲೆ ಕುಸಿದಿದ್ದರೆ ಆ ಚೀಲದ ಕಡೆಗೆ, ಜೋಡಿಯಾಗಿ ಕುಸಿದಿದ್ದರೆ ವಾಲ್ವ್ ಕಡೆಗೆ ಬೆರಳು ತೋರಿಸಬಹುದು. ಇಡೀ ಕಾರೇ ಕೆಸರಿಗಿಳಿದ ಎಮ್ಮೆಯಂತೆ ನೆಲಕ್ಕೆ ಹೊಟ್ಟೆ ಹಚ್ಚಿ ಕೂತಿದ್ದರೆ ಬೆರಳು ತೋರಿಸುವ ಶ್ರಮವೂ ಬೇಡ. ಹತ್ತಿರದಲ್ಲಿ ಒಳ್ಳೆಯ ದೋಸೆ ಎಲ್ಲಿ ಸಿಗುತ್ತದೆಂದು ವಿಚಾರಿಸಿ ಹೊರಡಬಹುದು.

ಇಲ್ಲಿ ಪಂಥಭೇದವೂ ಉಂಟು. ಗಾಳಿಚೀಲ ಕಿತ್ತೆಸೆದು ಸುರುಳಿ ಸ್ಪ್ರಿಂಗ್ ಹಾಕಿಸಿ ನೆಮ್ಮದಿಯಾಗಿರಿ ಎನ್ನುತ್ತಾರೆ ಸುರುಳಿವಾದಿಗಳು. ಹಾಗೆ ಮಾಡಿದ ಕಾರು ಎಸ್ ಕ್ಲಾಸೇ ಅಲ್ಲ, ಅದರ ವೇಷ ಹಾಕಿದ ಬೇರೇನೋ ಎಂದು ವಾಯುವಾದಿಗಳು ಕಿವಿ ಮುಚ್ಚಿಕೊಳ್ಳುತ್ತಾರೆ. ಗ್ಯಾರೇಜಿನ ಮೇಸ್ತ್ರಿ ಎರಡೂ ಪಂಥದವರಿಂದ ದಕ್ಷಿಣೆ ಪಡೆಯುವ ತಟಸ್ಥ ಆಚಾರ್ಯ.

ಇನ್ನು ಸುಖಮೀಮಾಂಸೆ. ಕೂತ ಮನುಷ್ಯನ ಮೈಯನ್ನು ಅತಿ ಹೆಚ್ಚು ಕಾಡುವುದು ಸೆಕೆಂಡಿಗೆ ನಾಲ್ಕರಿಂದ ಎಂಟು ಬಾರಿ ಮೇಲೆ ಕೆಳಗೆ ಅದುರುವ ಕಂಪನ. ಐಷಾರಾಮಿ ಕಾರುಗಳ ಸಸ್ಪೆನ್ಷನ್ ಸೆಕೆಂಡಿಗೆ ಸುಮಾರು ಒಂದೇ ಸಲ ತೂಗುವಂತೆ ಇರುವುದು ಇದಕ್ಕಾಗಿ. ಸೆಕೆಂಡಿಗೆ ಅರ್ಧ ಸಲಕ್ಕಿಂತಲೂ ನಿಧಾನವಾದರೆ ಹೊಟ್ಟೆ ತೊಳಸುತ್ತದೆ. ಈ ಸುಖವನ್ನು ಚಾಲಕನ ಸೀಟಿನಲ್ಲಿ ಕೂತು ಅಳೆಯುವುದು ಶಾಸ್ತ್ರವಿರೋಧ. ನಮ್ಮಲ್ಲಿ ಇಂಥ ಕಾರಿನ ಯಜಮಾನ ಕೂರುವುದು ಹಿಂದಿನ ಎಡ ಸೀಟಿನಲ್ಲಿ. ಅಲ್ಲಿಗೆ ಮಂಡಿನೋವಿರುವ ಹಿರಿಯರೊಬ್ಬರನ್ನು ಕೂರಿಸಿ, ಕೈಗೆ ಪದಬಂಧ ಕೊಟ್ಟು, ಜಯನಗರದ ಒಳರಸ್ತೆಗಳಲ್ಲಿ ಸುತ್ತಿಸಬೇಕು. ಬಿಡಿಸಿದ ಪದಗಳನ್ನಲ್ಲ, ಚೌಕದಿಂದ ಆಚೆ ಜಾರಿದ ಅಕ್ಷರಗಳನ್ನು ಎಣಿಸಬೇಕು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರಕಾರ ರಸ್ತೆ ಉಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಬಡಾವಣೆಯ ನಿವಾಸಿಗಳು ರಾತ್ರೋರಾತ್ರಿ ಹಾಕಿಸಿದ ಉಬ್ಬು ಈ ಗ್ರಂಥವನ್ನು ಓದಿರುವುದಿಲ್ಲ. ಮೂರು ಮೀಟರಿಗೂ ಮಿಕ್ಕಿದ ವ್ಹೀಲ್‌ಬೇಸಿನ ಲಾಂಗ್ ಮಾಡೆಲ್ ಅದರ ಮೇಲೆ ಹೊಟ್ಟೆ ಉಜ್ಜದೆ ದಾಟಲಿ ಎಂದೇ ಕಾರನ್ನು ತುಸು ಮೇಲೆತ್ತುವ ಗುಂಡಿಯೊಂದಿದೆ. ಅದನ್ನು ಒತ್ತಿ ಕಾಯಬೇಕು. ಕಾರು ಏಳದಿದ್ದರೆ ಹಿಂದಿನ ಅಧ್ಯಾಯಕ್ಕೆ ಮರಳಬೇಕು.

ಆಪ್ತವಾಕ್ಯದ ಪ್ರಾಮಾಣ್ಯ ಚರ್ಚಾಸ್ಪದ. “ಸಿಂಗಲ್ ಓನರ್ ಸಾರ್, ಡಾಕ್ಟರ್ ಗಾಡಿ, ಬರೀ ನಲವತ್ತು ಸಾವಿರ ಓಡಿದೆ” ಎಂಬ ವಾಕ್ಯವನ್ನು ಮೀಟರಿನಿಂದಲ್ಲ, ಬ್ರೇಕ್ ಪೆಡಲಿನ ರಬ್ಬರಿನಿಂದ ಪರಿಶೀಲಿಸಬೇಕು. ಮುಂದಿನ ಎಡ ಸೀಟು ಹೊಸದರಂತೆ ಹೊಳೆಯುತ್ತಾ, ಹಿಂದಿನ ಎಡ ಸೀಟಿನ ಚರ್ಮ ಮಾತ್ರ ಸುಕ್ಕುಗಟ್ಟಿದ್ದರೆ ಆ ಡಾಕ್ಟರು ಹಿಂದೆ ಕೂತು ಬಹಳ ದೂರ ಹೋಗಿದ್ದಾರೆಂದು ಅನುಮಾನ ಪ್ರಮಾಣದಿಂದ ಸಿದ್ಧ. ಹೋದ ತಕ್ಷಣ ಬಾನೆಟ್ ಮೇಲೆ ಅಂಗೈ ಇಡಬೇಕು. ಬಿಸಿಯಿದ್ದರೆ ತಣ್ಣನೆಯ ಎಂಜಿನ್ ಹೇಗೆ ಸ್ಟಾರ್ಟ್ ಆಗುತ್ತದೆಂದು ನಿಮಗೆ ಕೇಳಿಸದಿರಲೆಂದು ಯಾರೋ ಬೇಗ ಎದ್ದಿದ್ದಾರೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಬೇಕು. 2015ರ ಡಿಸೆಂಬರಿನಲ್ಲಿ ಚೆನ್ನೈಯಲ್ಲೂ 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಯಮಲೂರಿನಲ್ಲೂ ದುಬಾರಿ ಕಾರುಗಳು ಮುಳುಗಿದ್ದವು. ತೊಳೆಯುವವರ ಕೈ ಬೆಲ್ಟಿನ ಕೊನೆಯ ಒಂದಡಿಗೆ ಮುಟ್ಟುವುದಿಲ್ಲ, ಕೆಸರಿನ ಗೆರೆ ಅಲ್ಲೇ ಒಣಗಿರುತ್ತದೆ.

ಗೇರ್‌ಬಾಕ್ಸಿನ ವಿಷಯ ಚುಟುಕಾಗಿ: ಇದರ ಎಣ್ಣೆಯನ್ನು ಜೀವಮಾನವಿಡೀ ಬದಲಿಸಬೇಕಿಲ್ಲ ಎಂದು ಮೊದಲು ಸಾರಲಾಗಿತ್ತು. ಯಾರ ಜೀವಮಾನ ಎಂಬುದನ್ನು ಭಾಷ್ಯಕಾರರಿಗೆ ಬಿಡಲಾಗಿತ್ತು. ಆಮೇಲೆ ಬದಲಿಸುವುದೇ ಒಳ್ಳೆಯದೆಂಬ ಸಲಹೆ ಬಂತು. ಮುಂದಿನ ಪೀಳಿಗೆಯಾದ ಡಬ್ಲ್ಯೂ 221ರ ಆರಂಭದ ವಿ6 ಎಂಜಿನ್‌ಗಳಲ್ಲಿ ಬ್ಯಾಲೆನ್ಸ್ ಶಾಫ್ಟಿನ ಹಲ್ಲುಗಳು ಸವೆಯುತ್ತಿದ್ದವು. ಅದನ್ನು ಬದಲಿಸಲು ಎಂಜಿನ್ನನ್ನೇ ಇಳಿಸಬೇಕು. ಆ ಕಾರು ನೋಡುವವರು ಮೊದಲು ಎಂಜಿನ್ ನಂಬರ್ ಬರೆದುಕೊಳ್ಳಲಿ.

ಕೊನೆಯದು ಪತ್ರಕಾಂಡ. 10 ವರ್ಷ ದಾಟಿದ ಡೀಸೆಲ್, 15 ದಾಟಿದ ಪೆಟ್ರೋಲ್ ಕಾರುಗಳು ದಿಲ್ಲಿಯಲ್ಲಿ ಓಡಬಾರದೆಂದು ಹಸಿರು ನ್ಯಾಯಮಂಡಳಿ 2014 ಮತ್ತು 2015ರ ಆದೇಶಗಳಲ್ಲಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಅಲ್ಲಿಂದ ದಿಲ್ಲಿಯ ದೊಡ್ಡ ಗಾಡಿಗಳು ಎನ್‌ಒಸಿ ಹಿಡಿದು ದಕ್ಷಿಣಕ್ಕೆ ದಂಡಯಾತ್ರೆ ಹೊರಟವು. ಇಲ್ಲಿಗೆ ಬಂದ ಮೇಲೆ ಕರ್ನಾಟಕದ ಆಜೀವ ತೆರಿಗೆ ಕಟ್ಟಬೇಕು. ಡಬ್ಲ್ಯೂ 220ಗಳಿಗೆಲ್ಲ ಹದಿನೈದು ಎಂದೋ ತುಂಬಿರುವುದರಿಂದ ನೋಂದಣಿ ನವೀಕರಣ, ಎಫ್‌ಸಿ ಬೇರೆ. 600 ರೂಪಾಯಿ ಇದ್ದ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000 ಆಯಿತು. ಇಪ್ಪತ್ತು ದಾಟಿದ ಕಾರುಗಳಿಗೆ 2025ರಲ್ಲಿ 10,000ಕ್ಕೆ ಏರಿತು. ತಪಾಸಣೆಗೆ ಬೇಗ ಹೊರಡುವುದು ಕ್ಷೇಮ, ಏಕೆಂದರೆ ಆರ್‌ಟಿಓ ಅಂಗಳದ ಸರದಿಯಲ್ಲಿ ಕಾರು ಬಹಳ ಹೊತ್ತು ನಿಂತೇ ಇರಬೇಕಾಗುತ್ತದೆ. ಇನ್‌ಸ್ಪೆಕ್ಟರ್ ಬರುವ ಹೊತ್ತಿಗೆ ಎಡಗಡೆಯ ಮುಂಚಕ್ರದ ಮೇಲೆ ಬೆರಳು ತೂರುವಷ್ಟಾದರೂ ಜಾಗ ಉಳಿದಿದ್ದರೆ ಎಫ್‌ಸಿಗೆ ಅರ್ಜಿ ಕೊಡಬಹುದು.