ತೂಗದ ತೂಗುತೋಟ

ಮುಂಬಯಿಯವರು ಮುಂಬಯಿ ನೋಡುವುದು ಊರಿನಿಂದ ನೆಂಟರು ಬಂದಾಗ ಮಾತ್ರ. ಡೊಂಬಿವಲಿಯ ಒಂದೂವರೆ ಕೋಣೆಯಲ್ಲಿ ಇಪ್ಪತ್ತು ವರ್ಷ ಸವೆಸಿದ ನಾನು ಮಲಬಾರ್ ಹಿಲ್ ಹತ್ತಿದ್ದು ಮೂರೇ ಸಲ. ಮೂರೂ ಹೆಂಡತಿಯ ಕಡೆಯವರ ಖಾತೆಗೆ. ನಾಲ್ಕನೆಯದು ನನ್ನ ಸ್ವಂತ ಸೋದರಮಾವನದು.

ಮಾವ ಧಾರವಾಡದ ನಿವೃತ್ತ ಇತಿಹಾಸ ಮಾಸ್ತರು. ಗುಡ್ಡದ ಮೇಲೆ ‘ಹ್ಯಾಂಗಿಂಗ್ ಗಾರ್ಡನ್’ ಇದೆ ಎಂದದ್ದೇ ತಪ್ಪಾಯಿತು. ಅವರ ಕಣ್ಣಿಗೆ ಬ್ಯಾಬಿಲೋನಿನ ತೂಗುತೋಟ ಬಂದು ನಿಂತಿತು. ಲೋಕಲ್‌ನಲ್ಲಿ ನೇತಾಡಿ, ದಾದರಿನಲ್ಲಿ ಗಾಡಿ ಬದಲಿಸಿ, ಗ್ರಾಂಟ್ ರೋಡಿನಿಂದ ಟ್ಯಾಕ್ಸಿ ಹಿಡಿದು ಹತ್ತಿದೆವು. ಮಾವ ಹುಲ್ಲುಹಾಸನ್ನೂ, ಗಿಡ ಕತ್ತರಿಸಿ ಮಾಡಿದ ಆನೆಯನ್ನೂ ನೋಡಿದರು. ಆಮೇಲೆ ಆಕಾಶ ನೋಡಿದರು. ಕೊನೆಗೆ ನನ್ನನ್ನು ನೋಡಿದರು.

“ತೂಗತದ ಅಂದಿದ್ದೆಲ್ಲೋ ತಮ್ಮಾ, ಎಲ್ಲಿ ತೂಗತದ? ದಾದರ್ ತನಕಾ ನಾವಽ ತೂಗಿದಿವಿ, ಅಷ್ಟ!”

ಮರ್ಯಾದೆ ಉಳಿಸಿಕೊಳ್ಳಲು ಎದುರಿನ ಕಮಲಾ ನೆಹರೂ ಪಾರ್ಕಿಗೆ ಕರೆದೊಯ್ದೆ. ಅಲ್ಲಿ ಮನೆಯಷ್ಟು ದೊಡ್ಡ ಬೂಟು ನಿಂತಿದೆ. ಇಂಗ್ಲಿಷ್ ಶಿಶುಗೀತೆಯೊಂದರ ಅಜ್ಜಿ ಬೂಟಿನಲ್ಲಿ ಸಂಸಾರ ಹೂಡಿದ್ದಳಲ್ಲ, ಅದೇ ಇದು. ಮರಾಠಿಗರ ಬಾಯಲ್ಲಿ ‘ಮ್ಹಾತಾರೀಚಾ ಬೂಟ್’, ಮುದುಕಿಯ ಬೂಟು. ಮಾವ ಒಂದು ಸುತ್ತು ಹಾಕಿ ಬಂದರು. “ಇನ್ನೊಂದು ಎಲ್ಲಿ? ಗುಡಿ ಮುಂದ ಬಿಟ್ಟಿದ್ದಳೇನು?” ನನ್ನದೇ ಎರಡು ಜೋಡಿ ಗುಡಿಯ ಮುಂದೆ ಹೋಗಿರುವುದರಿಂದ ನಾನು ನಗಲಿಲ್ಲ.

ಕಟಕಟೆಗೆ ಆತು ನಿಂತೆವು. ಕೆಳಗೆ ಚೌಪಾಟಿಯ ಮರಳು, ಅಲ್ಲಿಂದ ಬಿಲ್ಲಿನಂತೆ ಬಾಗಿದ ಮರೀನ್ ಡ್ರೈವ್, ಆಚೆ ಗಗನಚುಂಬಿಗಳು. ದೀಪ ಹತ್ತಿದರೆ ಇದಕ್ಕೆ ‘ರಾಣಿಯ ಹಾರ’ ಎನ್ನುತ್ತಾರೆಂದೆ. 2015ರಲ್ಲಿ ಹಳದಿ ದೀಪ ತೆಗೆದು ಬಿಳಿ ಎಲ್‌ಇಡಿ ಹಾಕಿದಾಗ ಎದ್ದ ಗದ್ದಲವನ್ನೂ, ಹಳದಿ ಬೆಳಕು ಮತ್ತೆ ಬಂದದ್ದನ್ನೂ ಹೇಳಿದೆ. “ಬರೋಬ್ಬರಿ ಮಾಡ್ಯಾರ,” ಎಂದರು ಮಾವ, “ಬಂಗಾರ ತಗೊಂಡು ಬೆಳ್ಳಿ ಕೊಟ್ರ ಯಾವ ರಾಣಿ ಸುಮ್ಮನಿರ್ತಾಳ?”

ಅವಲಕ್ಕಿ ಡಬ್ಬಿ ಖಾಲಿಯಾಯಿತು. ಕೈ ತೊಳೆಯಲು ನಲ್ಲಿ ತಿರುಗಿಸಿದಾಗ ನನಗೆ ಉಳಿದ ಒಂದೇ ಒಂದು ಅಸ್ತ್ರ ನೆನಪಾಯಿತು. “ಮಾಮಾ, ಆಗ ನಾವು ಓಡಾಡಿದ ತೋಟ ತೋಟ ಅಲ್ಲರೀ, ಮುಚ್ಚಳ. ಅದರ ಕೆಳಗ ಬ್ರಿಟಿಷರ ಕಾಲದ ನೀರಿನ ಟಾಕಿ ಅದ. ಸುಮಾರು 14.7 ಕೋಟಿ ಲೀಟರ್ ಹಿಡೀತದ. ದಕ್ಷಿಣ ಮುಂಬಯಿಗೆ ಇಲ್ಲಿಂದಽ ನೀರು.”

ಮಾವ ಮಾತು ನಿಲ್ಲಿಸಿದರು. ಅವರ ಓಣಿಯಲ್ಲಿ ‘ನಳ ಬರುವ’ ದಿನಕ್ಕೆ ಏಕಾದಶಿಗಿಂತ ಹೆಚ್ಚು ನೇಮ. ವಾರಕ್ಕೊಮ್ಮೆ ಬಂದರೆ ಹಬ್ಬ, ನಡುರಾತ್ರಿ ಬಂದರೂ ಕೊಡ ಹಿಡಿದು ನಿಲ್ಲಬೇಕು. ಏಳು ಕೆರೆಗಳ ನೀರು ಈ ಊರಿಗೆ ಬರುತ್ತದೆ, ಅವುಗಳಲ್ಲಿ ಕೆಲವು ಸುಮಾರು ನೂರು ಕಿಲೋಮೀಟರ್ ದೂರದವು ಎಂದಾಗ ಅವರ ಮುಖದಲ್ಲಿ ಬ್ಯಾಬಿಲೋನ್ ಅಳಿಸಿಹೋಯಿತು. ಟಾಕಿ ಕೆಡವಿ ಹೊಸದು ಕಟ್ಟುವ ಮಾತು 2023ರಲ್ಲಿ ಎದ್ದಾಗ, ಮರಗಳು ಹೋಗುತ್ತವೆಂದು ಗುಡ್ಡದ ಜನ ಅಡ್ಡ ನಿಂತ ಕಥೆಯನ್ನೂ ಹೇಳಿದೆ.

“ಮೊದಲಽ ಹೇಳಬಾರದಿತ್ತೇನೋ?” ಎಂದು ಗದರಿದ ಮಾವ ನನ್ನನ್ನು ಮತ್ತೆ ತೋಟಕ್ಕೆ ಎಳೆದೊಯ್ದರು. ಈ ಸಲ ಆನೆಯತ್ತ ತಿರುಗಿಯೂ ನೋಡಲಿಲ್ಲ. ಹುಲ್ಲಿನ ಅಂಚಿನಲ್ಲಿ ಮೆಲ್ಲಗೆ ಹೆಜ್ಜೆ ಇಟ್ಟರು, ಕೆಳಗೆ ಯಾರೋ ಮಲಗಿದ್ದಾರೆ ಎಂಬಂತೆ. “ನಮ್ಮ ಟಾಕಿ ಮ್ಯಾಲ ತುಕ್ಕು ಹಿಡಿದ ತಗಡು, ಅದರ ಮ್ಯಾಲೊಂದು ಕಲ್ಲು. ಇವರು ನೋಡು, ಹೂವಿನ ತ್ವಾಟ ಇಟ್ಟಾರ!”

ಊರಿಗೆ ಹೋದ ವಾರಕ್ಕೇ ಮಾವನ ಫೋನು. ಟಾಕಿಯ ತಗಡಿನ ಮೇಲೆ ನಾಲ್ಕು ಸೇವಂತಿಗೆ ಕುಂಡ ಇಟ್ಟಿದ್ದಾರಂತೆ. ಅದರ ಹೆಸರು ಹ್ಯಾಂಗಿಂಗ್ ಗಾರ್ಡನ್ ಅಂತೆ. ನಳ ಬಂದ ದಿನ ನಾಲ್ಕೂ ಕುಂಡ ಇಳಿಸಿ ಮತ್ತೆ ಏರಿಸುವ ಅತ್ತೆ ಮಾತ್ರ ನನ್ನ ಹೆಸರೆತ್ತಿದರೆ ಕಿಡಿಕಾರುತ್ತಾರಂತೆ.

ನೀವೂ ಮುಂಬಯಿಗೆ ಬನ್ನಿ, ಕರೆದುಕೊಂಡು ಹೋಗುತ್ತೇನೆ. ಮೇಲೆ ತೂಗುವುದೇನಿದೆ ಎಂದು ಮಾತ್ರ ಹುಡುಕಬೇಡಿ. ನೋಡಬೇಕಾದ್ದು ಕಾಲಡಿಯಲ್ಲಿದೆ, ಅದು ಕಾಣುವುದಿಲ್ಲ.