ಬೇ ಏರಿಯಾಕ್ಕೆ ಹೊರಟ ತಂದೆ-ತಾಯಂದಿರ ಬಳಕೆಗಾಗಿ

ಈ ಕೈಪಿಡಿಯು ಬಿ-2 ವೀಸಾದ ಮೇಲೆ ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣದಲ್ಲಿ ಇಳಿದು, ಫ್ರೀಮಾಂಟ್, ಸನ್ನಿವೇಲ್, ಕ್ಯುಪರ್ಟಿನೊ, ಡಬ್ಲಿನ್ ಮೊದಲಾದ ಊರುಗಳಲ್ಲಿರುವ ಮಗನ ಅಥವಾ ಮಗಳ ಮನೆ ಸೇರುವ ಕನ್ನಡ ತಂದೆ-ತಾಯಂದಿರಿಗೆ ಮಾತ್ರ ಅನ್ವಯಿಸತಕ್ಕದ್ದು. ಗೋಲ್ಡನ್ ಗೇಟ್ ಸೇತುವೆಯ ಮುಂದೆ ಫೋಟೊ ತೆಗೆಸಿಕೊಂಡು ಮಾರನೆಯ ದಿನ ಲಾಸ್ ವೇಗಸ್‌ಗೆ ಹೊರಡುವ ಪ್ಯಾಕೇಜ್ ಟೂರಿನವರು ಬೇರೆ ಪುಸ್ತಕ ನೋಡಿಕೊಳ್ಳತಕ್ಕದ್ದು.

ಮೊದಲಿಗೇ ಒಂದು ವಿಷಯ ತಿಳಿದಿರಲಿ. ಅಲ್ಲಿ ನಿಮ್ಮ ಮೇಲೆ ಎರಡು ಬಗೆಯ ಕಾನೂನು ಜಾರಿಯಲ್ಲಿರುತ್ತದೆ. ಒಂದು ಕ್ಯಾಲಿಫೋರ್ನಿಯ ರಾಜ್ಯದ್ದು. ಇನ್ನೊಂದು ನಿಮ್ಮ ಮಕ್ಕಳದ್ದು. ರಾಜ್ಯದ ಕಾನೂನಿಗೆ ಸೆಕ್ಷನ್ ಇದೆ, ನಂಬರ್ ಇದೆ, ವಾದಕ್ಕೆ ವಕೀಲರಿದ್ದಾರೆ. ಮಕ್ಕಳ ಕಾನೂನು "ಅಮ್ಮಾ, ಇಲ್ಲೆಲ್ಲಾ ಹಾಗ್ ಮಾಡಬಾರದು" ಎಂಬ ಒಂದೇ ವಾಕ್ಯದಲ್ಲಿ ಹೊರಡುತ್ತದೆ. ಅದರ ಮೇಲೆ ಅಪೀಲು ಇಲ್ಲ. ಇವೆರಡನ್ನು ಬೇರೆ ಬೇರೆ ಮಾಡಿ ಕೊಡುವುದಷ್ಟೇ ಈ ಕೈಪಿಡಿಯ ಕೆಲಸ.

ಸೂಟ್‌ಕೇಸ್ ಮುಚ್ಚುವ ಮುನ್ನ

ಚಟ್ನಿಪುಡಿ, ಸಾರಿನಪುಡಿ, ಮೆಂತ್ಯದ ಹಿಟ್ಟು, ಹಪ್ಪಳ, ಬಾಣಂತನಕ್ಕೆಂದು ಕಟ್ಟಿದ ಅಂಟಿನುಂಡೆ, ಇವುಗಳ ಮೇಲೆ ಅಮೆರಿಕದ ಕಸ್ಟಮ್ಸ್‌ನವರಿಗೆ ಯಾವ ಹಗೆಯೂ ಇಲ್ಲ. ಆದರೆ 2018ರಿಂದ, 350 ಮಿಲಿಲೀಟರಿಗಿಂತ ಹೆಚ್ಚಿನ ಪುಡಿ ಕೈಚೀಲದಲ್ಲಿ ಸಿಕ್ಕರೆ ವಿಮಾನ ಹತ್ತುವ ಮೊದಲೇ ಅದನ್ನು ತೆಗೆದಿಡಬಹುದು. ಪುಡಿಗಳೆಲ್ಲ ಚೆಕ್-ಇನ್ ಪೆಟ್ಟಿಗೆಯಲ್ಲೇ ಇರತಕ್ಕದ್ದು. ಸೋನಾ ಮಸೂರಿ ಒಯ್ಯತಕ್ಕದ್ದಲ್ಲ. ಖಾಪ್ರಾ ಎಂಬ ದಾಸ್ತಾನು ಹುಳಕ್ಕೆ ಹೆದರಿ ನಮ್ಮ ಕಡೆಯ ಅಕ್ಕಿಯನ್ನು ಪ್ರಯಾಣಿಕರ ಸಾಮಾನಿನಲ್ಲಿ ಬಿಡುವುದಿಲ್ಲ.

ಕರಿಬೇವಿನ ವಿಷಯದಲ್ಲಂತೂ ರಾಜಿ ಇಲ್ಲ. ಅದು ಕಿತ್ತಳೆ-ನಿಂಬೆಗಳ ಬಂಧು. ಅದರ ಎಲೆಯ ಮೇಲೆ ಬದುಕುವ ಒಂದು ಚಿಕ್ಕ ಕೀಟ ಕಿತ್ತಳೆ ಗಿಡಗಳನ್ನು ಕೊಲ್ಲುವ ಸಿಟ್ರಸ್ ಗ್ರೀನಿಂಗ್ ರೋಗವನ್ನು ಹರಡುತ್ತದೆ. 2005ರಲ್ಲಿ ಫ್ಲಾರಿಡಾದಲ್ಲಿ ಕಾಣಿಸಿಕೊಂಡ ಈ ರೋಗ ಅಲ್ಲಿನ ತೋಟಗಳನ್ನು ಹಾಳುಗೆಡವಿದ್ದನ್ನು ಕ್ಯಾಲಿಫೋರ್ನಿಯದವರು ಮರೆತಿಲ್ಲ. ನೀವು ಎಲೆಯನ್ನು ಬ್ಲೌಸ್ ಪೀಸಿನಲ್ಲಿ ಸುತ್ತಿ, ಅದರ ಮೇಲೆ ಸ್ವೆಟರ್ ಹೊದಿಸಿದರೂ ನಿಲ್ದಾಣದ ಬೀಗಲ್ ನಾಯಿ ಮೂಸಿ ಪತ್ತೆ ಹಚ್ಚುತ್ತದೆ. ಅದು ಬೊಗಳುವುದಿಲ್ಲ, ನಿಮ್ಮ ಪೆಟ್ಟಿಗೆಯ ಪಕ್ಕ ಸುಮ್ಮನೆ ಕೂತುಬಿಡುತ್ತದೆ.

"ತಿನ್ನುವ ಪದಾರ್ಥ ಇದೆಯೇ?" ಎಂದು ಅಧಿಕಾರಿ ಕೇಳಿದರೆ ಇದೆ ಎನ್ನಿ. ಇದೆ ಎಂದವರ ಪೆಟ್ಟಿಗೆಯಲ್ಲಿ ನಿಷಿದ್ಧ ವಸ್ತು ಸಿಕ್ಕರೆ ಅದು ಕಸಕ್ಕೆ ಹೋಗುತ್ತದೆ, ಅಷ್ಟೆ. ಮುಚ್ಚಿಟ್ಟವರಿಗೆ ದಂಡ 10,000 ಡಾಲರ್‌ವರೆಗೂ ಏರಬಹುದು. "ಏನೂ ಇಲ್ಲ ಅಂತ ಹೇಳಿಬಿಡು" ಎಂದು ಮಗಳು ಫೋನಿನಲ್ಲಿ ಹೇಳಿಕೊಟ್ಟಿದ್ದರೆ, ಅದು ಎರಡನೆಯ ಬಗೆಯ ಕಾನೂನು. ಪಾಲಿಸತಕ್ಕದ್ದಲ್ಲ.

ಪೂಜೆಯ ಹೂವು: ಅತಿ ಎಚ್ಚರಿಕೆಯ ವಿಭಾಗ

ಜೆಟ್ ಲ್ಯಾಗ್‌ನಿಂದ ಬೆಳಗಿನ ನಾಲ್ಕಕ್ಕೇ ಎದ್ದು, ಆರಕ್ಕೆ ಸ್ವೆಟರ್, ಮಂಕಿ ಕ್ಯಾಪ್, ಸ್ಪೋರ್ಟ್ಸ್ ಶೂ ತೊಟ್ಟು ವಾಕಿಂಗ್ ಹೊರಡುತ್ತೀರಿ. ಬೀದಿಯ ಎರಡೂ ಬದಿ ಗುಲಾಬಿ, ದಾಸವಾಳ, ಸೇವಂತಿಗೆ. ಯಾವ ಮನೆಯ ಮುಂದೂ ಕಾಂಪೌಂಡ್ ಇಲ್ಲ. ನಿಂಬೆಗಿಡ ಫುಟ್‌ಪಾತಿನ ಮೇಲೇ ಬಾಗಿದೆ. ಒಬ್ಬ ನರಪಿಳ್ಳೆಯೂ ಕಾಣುವುದಿಲ್ಲ. ಜಯನಗರದಲ್ಲೋ ಕುವೆಂಪುನಗರದಲ್ಲೋ ಕೊಕ್ಕೆ ಕೋಲು ಹಿಡಿದು ಕಂಡವರ ಕಾಂಪೌಂಡಿನ ಹೂವಿನಿಂದ ದೇವರನ್ನು ಒಲಿಸಿಕೊಂಡು ಬಂದ ಕೈಗೆ ಇಲ್ಲಿ ಸುಮ್ಮನಿರುವುದು ಕಷ್ಟ.

ಸುಮ್ಮನಿರತಕ್ಕದ್ದು. ಇದು ಮಕ್ಕಳ ಹೆದರಿಕೆಯಲ್ಲ, ನಿಜವಾದ ಕಾನೂನು. ಕ್ಯಾಲಿಫೋರ್ನಿಯ ದಂಡಸಂಹಿತೆಯ 384ಎ ಸೆಕ್ಷನ್ ಪ್ರಕಾರ ಸಾರ್ವಜನಿಕ ಜಾಗದಲ್ಲಾಗಲಿ ಪರರ ಜಾಗದಲ್ಲಾಗಲಿ ಬೆಳೆದ ಗಿಡವನ್ನು ಮಾಲೀಕರ ಲಿಖಿತ ಅನುಮತಿಯಿಲ್ಲದೆ ಕತ್ತರಿಸುವುದು, ಕೀಳುವುದು ಅಪರಾಧ. 1,000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲು ಎಂದು ಪುಸ್ತಕದಲ್ಲಿದೆ. ಒಂದು ಗುಲಾಬಿಗೆ ಯಾರೂ ನಿಮ್ಮನ್ನು ಜೈಲಿಗೆ ಹಾಕುವುದಿಲ್ಲ. ಆದರೆ ಬಾಗಿಲ ಬೆಲ್ಲಿನಲ್ಲಿ ಕ್ಯಾಮೆರಾ ಇರುತ್ತದೆ. ನೀವು ಮನೆಗೆ ಬಂದು ಹೂವನ್ನು ತಟ್ಟೆಗೆ ಹಾಕುವಷ್ಟರಲ್ಲಿ ನಿಮ್ಮ ಮಂಕಿ ಕ್ಯಾಪ್ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಓಡಾಡುತ್ತಿರುತ್ತದೆ. ಕ್ಯಾಲಿಫೋರ್ನಿಯ ಪಾಪಿ ಎಂಬ ಕೇಸರಿ ಹೂವು 1903ರಿಂದ ರಾಜ್ಯದ ಹೂವು. ಅದೊಂದನ್ನು ಕೀಳಬಾರದೆಂದು ವಿಶೇಷ ಕಾನೂನಿದೆ ಎಂದು ಮೊಮ್ಮಗ ಹೇಳುತ್ತಾನೆ. ಹಾಗೇನೂ ಇಲ್ಲ. ಪಾರ್ಕಿನಲ್ಲಿ ಯಾವ ಹೂವನ್ನೂ ಕೀಳುವಂತಿಲ್ಲ, ಪಾಪಿಯೂ ಅದರಲ್ಲೊಂದು.

ಪರಿಹಾರ: ಬೆಲ್ ಒತ್ತಿ, ದೇವರ ಪೂಜೆಗೆ ಎಂದು ಕೇಳಿ. ಬೇಡವೆನ್ನುವವರು ಕಡಿಮೆ. ಸುಗ್ಗಿಯಲ್ಲಿ ಜನರೇ ನಿಂಬೆ, ಪರ್ಸಿಮನ್ ಹಣ್ಣುಗಳನ್ನು ಪೆಟ್ಟಿಗೆಯಲ್ಲಿ ತುಂಬಿ, ಮೇಲೆ 'ಫ್ರೀ' ಎಂದು ಬರೆದು ಫುಟ್‌ಪಾತಿನಲ್ಲಿಡುವುದೂ ಉಂಟು. ಅದರಿಂದ ತೆಗೆದುಕೊಳ್ಳಬಹುದು. ಪೆಟ್ಟಿಗೆ ಸಮೇತ ತರತಕ್ಕದ್ದಲ್ಲ.

ರಸ್ತೆಯಲ್ಲಿ

ಸಿಗ್ನಲ್ ಇಲ್ಲದ ಕಡೆ ರಸ್ತೆ ದಾಟಿದರೆ ಪೊಲೀಸರು ಹಿಡಿಯುತ್ತಾರೆ ಎಂದು ಮಗ ಈಗಲೂ ಹೆದರಿಸುತ್ತಾನೆ. ಅವನ ಮಾಹಿತಿ ಹಳೆಯದು. 2023ರ ಜನವರಿ 1ರಿಂದ, ವಾಹನ ಬಂದು ಬಡಿಯುವ ಅಪಾಯ ಎದುರಿಗೇ ಇದ್ದರೆ ಹೊರತು, ಹಾಗೆ ದಾಟಿದ್ದಕ್ಕಾಗಿ ಪೊಲೀಸರು ಯಾರನ್ನೂ ತಡೆಯುವಂತಿಲ್ಲ. ಹಾಗೆಂದು ಮೆಜೆಸ್ಟಿಕ್‌ನಲ್ಲಿ ಮಾಡಿದಂತೆ ಕೈ ಎತ್ತಿ ನುಗ್ಗಬೇಡಿ. ಇಲ್ಲಿನ ಡ್ರೈವರಿಗೆ ಆ ಕೈಯ ಭಾಷೆ ಬರುವುದಿಲ್ಲ.

ಮಗನ ಕಾರನ್ನು ಪೊಲೀಸರು ನಿಲ್ಲಿಸಿದರೆ ಇಳಿಯತಕ್ಕದ್ದಲ್ಲ. ನಮ್ಮಲ್ಲಿ ಇಳಿದು ಹತ್ತಿರ ಹೋಗಿ "ಸಾರ್" ಎನ್ನುವುದು ಮರ್ಯಾದೆ. ಇಲ್ಲಿ ಅದು ಪೊಲೀಸನಿಗೆ ಗಾಬರಿ ಹುಟ್ಟಿಸುತ್ತದೆ. ಕೈ ಕಾಣುವಂತೆ ಕೂತಿರಿ. ಜೇಬಿಗಂತೂ ಕೈ ಹಾಕಲೇಬೇಡಿ. ಬಂದೂಕು ತೆಗೆಯುತ್ತಿದ್ದೀರಿ ಎಂದು ಆತ ಅಂದುಕೊಳ್ಳಬಾರದು, ನೋಟು ತೆಗೆಯುತ್ತಿದ್ದೀರಿ ಎಂದೂ ಅಂದುಕೊಳ್ಳಬಾರದು.

ಎಂಟು ವರ್ಷದೊಳಗಿನ ಮೊಮ್ಮಗುವನ್ನು ಕಾರಿನಲ್ಲಿ ತೊಡೆಯ ಮೇಲೆ ಕೂರಿಸಿಕೊಳ್ಳುವಂತಿಲ್ಲ; ಹಿಂದಿನ ಸಾಲಿನಲ್ಲಿ ಅದರದೇ ಸೀಟು ಬೇಕು. ಆರು ವರ್ಷದ ಅಥವಾ ಅದಕ್ಕಿಂತ ಚಿಕ್ಕ ಮಗುವನ್ನು ಅಪಾಯವಾಗುವಂತೆ ಕಾರಿನಲ್ಲಿ ಒಂಟಿಯಾಗಿ ಬಿಟ್ಟುಹೋಗುವುದೂ ಅಪರಾಧ. ಜೊತೆಗೆ 12 ವರ್ಷ ತುಂಬಿದ ಯಾರಾದರೂ ಇರಬೇಕು. ತಾತನ ಬಗ್ಗೆ ಕ್ಯಾಲಿಫೋರ್ನಿಯದ ಶಾಸನಕ್ಕೆ ಇರುವ ನಿರೀಕ್ಷೆ ಇಷ್ಟೇ. ಆ ಹೊತ್ತಿನಲ್ಲಿ ಅವರು ತೂಕಡಿಸದಿದ್ದರೆ ಸಾಕು.

ಬಾರ್ಟ್ ರೈಲಿನಲ್ಲಿ ತಿನ್ನುವುದು, ಕುಡಿಯುವುದು ನಿಷಿದ್ಧ. ರೈಲು ಕೆಂಗೇರಿ ದಾಟುವ ಮೊದಲೇ ಚಿತ್ರಾನ್ನದ ಪೊಟ್ಟಣ ಬಿಚ್ಚುವ ವಂಶದವರಿಗೆ ಇದು ಈ ಕೈಪಿಡಿಯ ಅತ್ಯಂತ ಕ್ರೂರ ನಿಯಮ. ಕೋಡುಬಳೆಯೂ ತಿನ್ನುವ ಪದಾರ್ಥವೇ.

ಒಗ್ಗರಣೆ ಮತ್ತು ಒಗೆದ ಬಟ್ಟೆ

ಒಣಮೆಣಸಿನಕಾಯಿ ಎಣ್ಣೆಗೆ ಬಿದ್ದ ಮರುಗಳಿಗೆ ಸೂರಿನಲ್ಲಿರುವ ಸ್ಮೋಕ್ ಅಲಾರಂ ಕಿರುಚುತ್ತದೆ. ಒಗ್ಗರಣೆಗೆ ಮೊದಲೇ ಒಲೆಯ ಮೇಲಿನ ಫ್ಯಾನ್ ಹಾಕಿ, ಕಿಟಕಿ ತೆಗೆಯತಕ್ಕದ್ದು. ಆದರೂ ಕಿರುಚಿದರೆ ಟವೆಲ್ ಬೀಸಿ. ಬ್ಯಾಟರಿ ಕೀಳಲು ಹೋಗಬೇಡಿ. ಮನೆಯಲ್ಲಿ ಅಲಾರಂ ಕೆಲಸ ಮಾಡುತ್ತಿರಬೇಕೆಂಬುದು ಮೊದಲನೆಯ ಬಗೆಯ ಕಾನೂನು. ಗಾಬರಿಯಲ್ಲಿ ಊರಿಗೆ ಫೋನ್ ಮಾಡಲು ಹೊರಟು 91ರ ನಂತರ ಇನ್ನೊಂದು 1 ಒತ್ತಿದಿರೋ, ಅದು ಪೊಲೀಸ್-ಆಂಬುಲೆನ್ಸ್-ಅಗ್ನಿಶಾಮಕದ ತುರ್ತು ಸಂಖ್ಯೆ. ಆಗ ಕಟ್ ಮಾಡತಕ್ಕದ್ದಲ್ಲ. ತಪ್ಪಾಗಿ ಒತ್ತಿದೆ ಎಂದು ಹೇಳಿಯೇ ಇಡಬೇಕು. ಇಲ್ಲದಿದ್ದರೆ ಯಾರಿಗೋ ಏನೋ ಆಗಿದೆ ಎಂದು ಮನೆ ಬಾಗಿಲಿಗೇ ಬರಬಹುದು.

ಪಂಚೆ ಒಣಗಿಸುವ ವಿಚಾರದಲ್ಲಿ ಮಕ್ಕಳು ಅರ್ಧ ಸತ್ಯ ಹೇಳುತ್ತಾರೆ. ಬಾಲ್ಕನಿಯ ಕಂಬಿಯ ಮೇಲೆ ಒಣಹಾಕುವುದನ್ನು ಬಡಾವಣೆಯ ಸಂಘ ತಡೆಯಬಹುದು. ಆದರೆ ಸ್ವಂತ ಹಿತ್ತಲಿನಲ್ಲಿ ಹಗ್ಗ ಕಟ್ಟುವುದನ್ನು ಯಾವ ಸಂಘವೂ ಪೂರ್ತಿ ನಿಷೇಧಿಸುವಂತಿಲ್ಲ ಎಂದು 2016ರಿಂದ ಕಾನೂನೇ ಇದೆ. ಬಿಸಿಲಿನ ಪರವಾಗಿ ಶಾಸನಸಭೆಯವರು ಮತ ಹಾಕಿದ್ದಾರೆ. ಸೊಸೆಗೆ ನಯವಾಗಿ ತಿಳಿಸಿ.

ದೀಪಾವಳಿ 2026ರಿಂದ ಕ್ಯಾಲಿಫೋರ್ನಿಯದ ಅಧಿಕೃತ ರಜಾದಿನಗಳ ಪಟ್ಟಿಯಲ್ಲಿದೆ. ಪಟಾಕಿ ಮಾತ್ರ ಬೇ ಏರಿಯಾದ ಬಹುಪಾಲು ಊರುಗಳಲ್ಲಿ ನಿಷಿದ್ಧ.

ಪಾರ್ಕಿನ ಬೆಂಚಿನ ಮೇಲೆ

ಫ್ರೀಮಾಂಟಿನ ಲೇಕ್ ಎಲಿಜಬೆತ್ ದಂಡೆಯಲ್ಲಿ ಸಂಜೆ ಕನ್ನಡ ಕಿವಿಗೆ ಬಿದ್ದೀತು. "ಯಾವ ಊರು?" ಎಂದು ಕೇಳಬಹುದು. "ಮೂಳೂರಾ, ನಮ್ಮ ಷಡ್ಡಕರೂ ಅಲ್ಲಿಯವರೇ" ಎನ್ನಬಹುದು. "ನಿಮ್ಮ ಮಗನಿಗೆ ಗ್ರೀನ್ ಕಾರ್ಡ್ ಬಂತಾ?" ಎಂದು ಕೇಳತಕ್ಕದ್ದಲ್ಲ. ಉದ್ಯೋಗದ ಮೇಲೆ ವರ್ಷಕ್ಕೆ ಕೊಡುವ ಕಾರ್ಡುಗಳಲ್ಲಿ ಯಾವುದೇ ಒಂದು ದೇಶಕ್ಕೆ ಸುಮಾರು ಶೇ. 7ಕ್ಕಿಂತ ಹೆಚ್ಚು ಸಿಗದು ಎಂಬ ಮಿತಿ ಇರುವುದರಿಂದ ಭಾರತೀಯರ ಸಾಲು ದಶಕಗಳಷ್ಟು ಉದ್ದವಿದೆ. ಆ ಪ್ರಶ್ನೆ ಗಾಯದ ಮೇಲೆ ಉಪ್ಪಿನಕಾಯಿ ಸವರಿದಂತೆ.

"ನೀವು ಯಾವ ಪೈಕಿ?" ಎಂಬ ಪ್ರಶ್ನೆಯನ್ನು ವಿಮಾನ ಹತ್ತುವಾಗಲೇ ಬಿಟ್ಟು ಬನ್ನಿ. ಜಾತಿ ತಾರತಮ್ಯವನ್ನು ಹೆಸರು ಹಿಡಿದು ನಿಷೇಧಿಸುವ ಮಸೂದೆಯೊಂದು 2023ರಲ್ಲಿ ಕ್ಯಾಲಿಫೋರ್ನಿಯದ ಎರಡೂ ಸದನಗಳಲ್ಲಿ ಅಂಗೀಕಾರವಾಯಿತು. ಈಗಿರುವ ಕಾನೂನಿನಲ್ಲೇ ಅದಕ್ಕೆ ನಿಷೇಧವಿದೆ ಎಂದು ಗವರ್ನರ್ ಗ್ಯಾವಿನ್ ನ್ಯೂಸಮ್ ಸಹಿ ಹಾಕಲಿಲ್ಲ. ನಮ್ಮ ಈ ಕುಶಲೋಪರಿ ಅಲ್ಲಿನ ವಿಧಾನಮಂಡಲದವರೆಗೂ ಹೋಗಿ ಬಂದಿದೆ ಎಂಬುದಂತೂ ನಿಜ.

ಹೋಟೆಲಿನಲ್ಲಿ ಟಿಪ್ಸ್ ಕೊಡಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಬಿಲ್ಲಿನ ಶೇ. 15ರಿಂದ 20ರಷ್ಟು ಕೊಡದೆ ಎದ್ದರೆ ಮಾತ್ರ ಮಗ ಕಾರಿನಲ್ಲಿ ಮಾತು ಬಿಡುತ್ತಾನೆ. ಕೊಡಿ. ರೂಪಾಯಿಗೆ ಗುಣಿಸತಕ್ಕದ್ದಲ್ಲ.

ವಾಯಿದೆ

ವೀಸಾದ ಮೇಲೆ ಹತ್ತು ವರ್ಷ ಎಂದಿರುತ್ತದೆ. ಅದು ಬಾಗಿಲು ತಟ್ಟಲು ಇರುವ ಅನುಮತಿ, ಒಳಗೆ ಇರಲು ಅಲ್ಲ. ಎಷ್ಟು ದಿನ ಇರಬಹುದೆಂದು ಗೊತ್ತು ಮಾಡುವುದು ಐ-94 ಎಂಬ ದಾಖಲೆಯ ತಾರೀಖು. ಸಾಮಾನ್ಯವಾಗಿ ಆರು ತಿಂಗಳು. ವರಮಹಾಲಕ್ಷ್ಮಿ ಮುಗಿಸಿಕೊಂಡು ಹೋಗಿ, ದಸರಾ ಮುಗಿಸಿಕೊಂಡು ಹೋಗಿ ಎಂದು ಮಕ್ಕಳು ಎಳೆಯುತ್ತಾರೆ. ಆ ತಾರೀಖನ್ನು ಅವರ ಬಾಯಿಂದ ಕೇಳಿ ನಂಬಬೇಡಿ. ಇಳಿದ ವಾರದಲ್ಲೇ ಸರ್ಕಾರದ ಐ-94 ವೆಬ್‌ಸೈಟಿನಲ್ಲಿ ನಿಮ್ಮ ಪಾಸ್‌ಪೋರ್ಟ್ ನಂಬರ್ ಹಾಕಿ ನೀವೇ ನೋಡಿಕೊಳ್ಳಿ.