ಹಾಗೂ ಇತರರು

ಬೇಸ್ ಗಿಟಾರ್ ಕಲಿಯುವವರಿಗೆ ಪುರಂದರದಾಸರಿಲ್ಲ. ಕರ್ನಾಟಕ ಸಂಗೀತದಲ್ಲಾದರೆ ಮಾಯಾಮಾಳವಗೌಳದಲ್ಲಿ ಸರಳೆ, ಆಮೇಲೆ ಜಂಟಿ, ಆಮೇಲೆ ಅಲಂಕಾರ, ಆಮೇಲೆ ಪಿಳ್ಳಾರಿ ಗೀತೆ ಎಂದು ದಾಸರು ದಾರಿ ಹಾಕಿಟ್ಟು ಹೋಗಿದ್ದಾರೆ. ಯಾವ ಹಾಡು ಕಲಿಯಲಿ ಎಂದು ಯಾವ ಮಗುವೂ ಕೇಳುವ ಹಾಗಿಲ್ಲ. ಬೇಸ್‌ನಲ್ಲಿ ಅಂಥ ದಾಕ್ಷಿಣ್ಯವೇ ಇಲ್ಲ. 'ನಿಮಗಿಷ್ಟವಾದ ಹಾಡಿನಿಂದ ಶುರು ಮಾಡಿ, ಮಜಾ ಬರಬೇಕು' ಅಂತಾರೆ ಎಲ್ಲರೂ. ಐವತ್ಮೂರು ವರ್ಷದ ಗೃಹಿಣಿಯನ್ನು 'ನಿನಗೇನಿಷ್ಟ' ಎಂದು ದಿಢೀರನೆ ಕೇಳಿದರೆ ಅವಳೇನು ಹೇಳಬೇಕು? ಎಲ್ಲರಿಗೂ ಬಡಿಸಿದ ಮೇಲೆ ಉಳಿದದ್ದು ಅಂತಲೇ?

ಈ ವಯಸ್ಸಿನಲ್ಲಿ ಬೇಸ್ ಯಾಕೆ ಅನ್ನುವವರಿಗೆ ಒಂದೇ ಮಾತು: ಆರು ತಂತಿಗಿಂತ ನಾಲ್ಕು ತಂತಿ ಕಡಿಮೆ. ಜೊತೆಗೆ ಬೇಸ್ ನುಡಿಸುವವರು ವೇದಿಕೆಯಲ್ಲಿ ಹಿಂದೆ ನಿಲ್ಲುತ್ತಾರೆ, ಅವರನ್ನು ಯಾರೂ ನೋಡುವುದಿಲ್ಲ. ನನಗೆ ಹೇಳಿ ಮಾಡಿಸಿದ ಜಾಗ. ಅಂಗಡಿಯ ಹುಡುಗ "ಮಗನಿಗಾ ಆಂಟಿ?" ಅಂದ. "ಹೌದಪ್ಪಾ" ಅಂದೆ. ನಮಗಿರುವುದು ಒಬ್ಬಳೇ ಮಗಳು.

ಮನೆಗೆ ತಂದು, ಬಾಗಿಲು ಹಾಕಿಕೊಂಡು, ಯೂಟ್ಯೂಬ್ ತೆರೆದೆ. 'ಬೇಸ್ ಕಲಿಯುವವರಿಗೆ ಹತ್ತು ಸುಲಭದ ಹಾಡುಗಳು.' ಇಂಥ ವಿಡಿಯೊ ಮಾಡುವ ಹುಡುಗರ ಮೇಲೆ ನನಗೆ ಸಾತ್ವಿಕವಾದ ಸಿಟ್ಟಿದೆ. ಹಿಂದಿನ ಗೋಡೆ ತುಂಬ ಗಿಟಾರು ನೇತುಹಾಕಿಕೊಂಡು ಕೂತು, ಬೆರಳಿಗೆ ಮೂಳೆಯೇ ಇಲ್ಲವೇನೋ ಅನ್ನುವಂತೆ ಸರಸರ ನುಡಿಸಿ, 'ನೋಡಿ, ಎಷ್ಟು ಸುಲಭ' ಎಂದು ನಗುತ್ತಾರೆ. ಸುಲಭ ಅನ್ನುವುದನ್ನು ಕಷ್ಟಪಡುತ್ತಿರುವವರು ಹೇಳಬೇಕೇ ಹೊರತು ಇವರಲ್ಲ.

ಆ ಪಟ್ಟಿಗಳಲ್ಲೆಲ್ಲ ಮೊದಲ ಸಾಲಿನಲ್ಲಿ ಕೂರುವುದು 2003ರ 'ಸೆವೆನ್ ನೇಷನ್ ಆರ್ಮಿ'. ಏಳೇ ಏಳು ಸ್ವರದ ತುಣುಕು. ಫುಟ್‌ಬಾಲ್ ಮೈದಾನಗಳಲ್ಲಿ ಸಾವಿರಾರು ಜನ ಒಟ್ಟಿಗೆ ಕೂಗುವುದು ಇದನ್ನೇ. ಬೆರಳಿನ ತುದಿ ಕೆಂಪಾಗುವವರೆಗೆ ನುಡಿಸಿ, ಒಂದು ಮಟ್ಟಕ್ಕೆ ಬಂದೆ ಅಂದುಕೊಂಡಾಗ ಗೊತ್ತಾಯಿತು: ಆ ಹಾಡಿನಲ್ಲಿ ಬೇಸೇ ಇಲ್ಲ! ಆ ವೈಟ್ ಸ್ಟ್ರೈಪ್ಸ್ ಅನ್ನುವವರು ಇದ್ದದ್ದೇ ಇಬ್ಬರು. ಒಬ್ಬ ಗಿಟಾರಿಗೆ, ಒಬ್ಬಳು ಡ್ರಮ್ಸಿಗೆ. ಸಾಧಾರಣ ಗಿಟಾರಿನ ದನಿಯನ್ನೇ ಕಾಲಡಿಯ ಪೆಡಲಿನಿಂದ ಒಂದು ಸ್ಥಾಯಿ ಕೆಳಗಿಳಿಸಿ ನುಡಿಸಿದ್ದು. ಬೇಸ್ ಕಲಿಕೆಯ ಶ್ರೀಗಣೇಶಾಯ ನಮಃ ಅನ್ನುವ ಹಾಡಿನಲ್ಲಿ ಗಣೇಶನೇ ನಾಪತ್ತೆ.

ಹೋಗಲಿ ಎಂದು ಯು2 ತಂಡದ 1987ರ 'ವಿತ್ ಆರ್ ವಿತೌಟ್ ಯು' ಹಿಡಿದೆ. ನಾಲ್ಕು ಸ್ವರ ಅಷ್ಟೆ. ಅವನ್ನೇ ಆಡಂ ಕ್ಲೇಟನ್ ಅನ್ನುವ ಮಹಾನುಭಾವ ಹೆಚ್ಚುಕಮ್ಮಿ ಐದು ನಿಮಿಷ ಸುತ್ತಿಸುತ್ತಾನೆ. ಬೆರಳಿಗೆ ಕಷ್ಟವಿಲ್ಲ, ಕಷ್ಟವೆಲ್ಲ ತಲೆಗೆ. ಎರಡನೇ ನಿಮಿಷಕ್ಕೆ ಹೆಸರುಬೇಳೆ ನೆನೆಹಾಕಿದೆನಾ ಅನ್ನುವ ಯೋಚನೆ ಬರುತ್ತದೆ. ಮೂರನೇ ನಿಮಿಷಕ್ಕೆ ನಾನು ನಾಲ್ಕರಲ್ಲಿ ಎಷ್ಟನೇ ಸ್ವರದಲ್ಲಿದ್ದೇನೆ ಅನ್ನುವುದೇ ಮರೆತಿರುತ್ತದೆ. ಧ್ಯಾನ ಮಾಡಲು ಬಾರದವರು ಈ ಹಾಡಿನ ತಂಟೆಗೆ ಹೋಗಬಾರದು.

ಆಮೇಲೆ ಪಿಂಕ್ ಫ್ಲಾಯ್ಡ್ ತಂಡದ 'ಮನಿ', 1973ರದ್ದು. ಚಿಲ್ಲರೆ ಕಾಸಿನ, ಗಲ್ಲಾಪೆಟ್ಟಿಗೆಯ ಸದ್ದಿನಿಂದ ಶುರುವಾಗುತ್ತದಲ್ಲ, ಅದು. ಏಳು ಎಣಿಕೆಯ ಹಾಡು. ಇಂಗ್ಲಿಷಿನಲ್ಲಿ ಒನ್ ಟೂ ಎಂದು ಎಣಿಸುತ್ತ ಪ್ರತಿ ಸಲವೂ ಸೆವೆನ್ ಹತ್ತಿರ ಮುಗ್ಗರಿಸುತ್ತಿದ್ದೆ. ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ತಲೆ ಎತ್ತದೆ, "ಅದು ಮಿಶ್ರಛಾಪು ಕಣೇ. ತಕಿಟ ತಕಧಿಮಿ ಅಂದ್ಕೊಂಡು ಬಾರಿಸು" ಅಂದರು. ಅಂದುಕೊಂಡೆ. ಕೂತುಬಿಟ್ಟಿತು! ಅತ್ತೆ ಅವರೆಕಾಯಿ ಬಿಟ್ಟು ತೊಡೆಯ ಮೇಲೆ ತಾಳ ಹಾಕತೊಡಗಿದರು. ಆದರೆ ಆ ಹಾಡು ನಡುವೆ, ಗಿಟಾರಿನವನ ಸರದಿ ಬಂದಾಗ, ಏಳು ಬಿಟ್ಟು ನಾಲ್ಕಕ್ಕೆ ಜಾರುತ್ತದೆ. ಫೋನಿನಲ್ಲಿ ಅದನ್ನು ಕೇಳಿದ ಅತ್ತೆಯ ಕೈ ಗಾಳಿಯಲ್ಲೇ ನಿಂತಿತು.

"ತಾಳ ತಪ್ಪಿದ."

"ತಪ್ಪಿದ್ದಲ್ಲ ಅತ್ತೆ, ಬೇಕಂತಲೇ ಬದಲಾಯಿಸಿರೋದು."

"ಹಾಡಿನ ಮಧ್ಯೆ ಬದಲಾಯಿಸೋದಕ್ಕೆ ಅವನ್ಯಾರು?"

ಉತ್ತರ ನನ್ನ ಹತ್ತಿರ ಇರಲಿಲ್ಲ. ಜಗತ್ತಿನಾದ್ಯಂತ ಕೋಟಿಗಟ್ಟಲೆ ಮಾರಾಟವಾದ ಆಲ್ಬಮ್ಮು ನಮ್ಮ ನಡುಮನೆಯಲ್ಲಿ ಫೇಲಾಯಿತು.

ಇಷ್ಟರಲ್ಲಿ ನನಗೆ ಒಂದು ಹುರುಪು ಬಂದಿತ್ತು. ಪರದೇಶಿ ಹಾಡು ಸಾಕು, ನಮ್ಮದೇ ಆಗಲಿ, ಇಷ್ಟವಾದದ್ದೇ ಆಗಲಿ. 1981ರ 'ಗೀತಾ' ಚಿತ್ರದ 'ಜೊತೆಯಲಿ'. ಇಳಯರಾಜ ಅದರಲ್ಲಿ ಬೇಸನ್ನು ಹಾಡಿನ ಹಿಂದೆ ಸುಮ್ಮನೆ ನಡೆಸಿಲ್ಲ. ಎಸ್ಪಿಬಿ, ಜಾನಕಿ ಹಾಡುತ್ತಿರುವಾಗ ಕೆಳಗೆ ಅದು ತನ್ನದೇ ಇನ್ನೊಂದು ರಾಗ ಹಾಡಿಕೊಂಡು ಓಡಾಡುತ್ತಿರುತ್ತದೆ. ಮುಂದೆ ಆ ಹಾಡು ತಮಿಳಿಗೂ ಹೋಯಿತು, ಹಿಂದಿಗೂ ಹೋಯಿತು. ನಮ್ಮ ಮನೆಯ ಮಟ್ಟಿಗೆ ಅದು ಇವರ ಹಾಡು. ಶಂಕರ್‌ನಾಗ್ ಅಂದರೆ ಇವರಿಗೆ ಪ್ರಾಣ. ಮದುವೆಯಾದ ಹೊಸದರಲ್ಲಿ ಕ್ಯಾಸೆಟ್ಟು ಸವೆದುಹೋಗುವಷ್ಟು ಹಾಕಿದ್ದಾರೆ. ಮೊದಲ ಎರಡು ಸಾಲಿನ ಬೇಸನ್ನು ಕಷ್ಟಪಟ್ಟು ಹೆಕ್ಕಿ, ಓಟವೆಲ್ಲ ತೆಗೆದುಹಾಕಿ, ಆಧಾರದ ಸ್ವರಗಳನ್ನಷ್ಟೇ ಇಟ್ಟುಕೊಂಡು, ಮೂಲದ ಮೂರನೇ ಒಂದು ಪಾಲು ವೇಗದಲ್ಲಿ ಸಿದ್ಧ ಮಾಡಿಕೊಂಡು ಭಾನುವಾರ ಕಾಫಿ ಆದ ಮೇಲೆ ಇವರನ್ನು ಸೋಫಾದಲ್ಲಿ ಕೂರಿಸಿದೆ.

"ಯಾವ ಹಾಡು ಹೇಳಿ ನೋಡೋಣ."

ನುಡಿಸಿದೆ. ಇವರು ಕಣ್ಣು ಮುಚ್ಚಿ ಕೇಳಿದರು. ಬ್ಯಾಂಕಿನ ಇಲಾಖಾ ಪರೀಕ್ಷೆ ಬರೆಯುವಾಗಲೂ ಅಷ್ಟು ಏಕಾಗ್ರತೆ ಇದ್ದಿರಲಾರದು.

"ಇಂದಿರಾ ಗಾಂಧಿ ಹೋದಾಗ ರೇಡಿಯೊದಲ್ಲಿ ದಿನವಿಡೀ ಬರ್ತಿತ್ತಲ್ಲ, ಅದು."

"ಸಿನಿಮಾ ಹಾಡು, ರೀ."

"ದುಃಖದ್ದಾ?"

"ಪ್ರೀತಿಯದು!"

ಇವರು ಮತ್ತೊಮ್ಮೆ ನುಡಿಸು ಅಂದರು. ನುಡಿಸಿದೆ. ಹೀರೋ ಸಾಯುತ್ತಾನಾ ಅಂದರು. ಇದರಲ್ಲಿ ಸಾಯುವುದು ಹೀರೋಯಿನ್ನು ಎಂದು ಬಾಯಿಗೆ ಬಂದದ್ದನ್ನು ತಡೆದುಕೊಂಡು, "ಶಂಕರ್‌ನಾಗ್" ಎಂದು ಸುಳಿವು ಕೊಟ್ಟೆ. ಇವರ ಮುಖ ಅರಳಿತು. "ಮೊದಲೇ ಹೇಳಬಾರದಾ? ಆಟೋ ರಾಜ!" ಅಲ್ಲ. "ಮಿಂಚಿನ ಓಟ!" ಅಲ್ಲ. ಅಲ್ಲ ಅಂದಷ್ಟೂ ಇವರಿಗೆ ಛಲ ಏರಿತು. ಎದ್ದು ನಿಂತರು. ಕಿಟಕಿ ಮುಚ್ಚಿದರು. ಫ್ಯಾನ್ ಆರಿಸಿದರು. ಮಿಕ್ಸಿ ಹಾಕಬೇಡಮ್ಮಾ ಎಂದು ಅತ್ತೆಗೆ ಕೂಗಿ ಹೇಳಿದರು. ನಾನು ಮೂರನೇ ತಂತಿಯ ಖಾಲಿ ಸ್ವರ ಮೀಟಿದಾಗಲೆಲ್ಲ ಅಡುಗೆಮನೆಯ ಶೆಲ್ಫಿನಲ್ಲಿ ಸ್ಟೀಲ್ ಡಬ್ಬಿಯೊಂದರ ಮುಚ್ಚಳ ಝಿರ್ರ್ ಎಂದು ಅದುರುತ್ತಿತ್ತು. ಸೆಕೆಂಡಿಗೆ ಐವತ್ತೈದು ಕಂಪನದ ಸ್ವರ ಅದು. ಎಲ್ಲ ಡಬ್ಬಿಗಳಲ್ಲಿ ಅದಕ್ಕೆ ಓಗೊಡುತ್ತಿದ್ದದ್ದು ಸಾಸಿವೆ ಡಬ್ಬಿ ಒಂದೇ. ಇವರು ಹೋಗಿ ಆ ಮುಚ್ಚಳವನ್ನು ಕೈಯಲ್ಲಿ ಒತ್ತಿ ಹಿಡಿದು, ಅಡುಗೆಮನೆಯಿಂದಲೇ, "ಹೂಂ, ಈಗ" ಅಂದರು. ನುಡಿಸಿದೆ. ಒಂದು ಕ್ಷಣ ಸದ್ದಿಲ್ಲ. ಆಮೇಲೆ ಅಡುಗೆಮನೆಯಿಂದ ವಿಜಯದ ಕೂಗು.

"ಮಾಲ್ಗುಡಿ ಡೇಸ್! ತಾನಾನ ತಾನ ನಾನನಾ!"

ಅಲ್ಲ ಅನ್ನುವಷ್ಟರಲ್ಲಿ ಇವರು ಡಬ್ಬಿಯ ಸಮೇತ ಹೊರಗೆ ಬಂದು ನನ್ನ ಬೇಸಿನ ಮೇಲೆ ಆ ರಾಗ ಹಾಡುತ್ತಿದ್ದರು. ಘೋರವೆಂದರೆ, ಅದು ಅಲ್ಲಲ್ಲಿ ಹೊಂದುತ್ತಿತ್ತು. "ನಿಲ್ಲಿಸಬೇಡ, ನಿಲ್ಲಿಸಬೇಡ" ಎಂದು ಇವರು ಅದೇ ಎರಡು ಸಾಲಿನ ಮೇಲೆ ವಾಷಿಂಗ್ ಪೌಡರ್ ಜಾಹೀರಾತು ಹಾಡಿದರು. ಹೊಂದಿತು ಅಂದರು. ರಾಷ್ಟ್ರಗೀತೆಗೆ ಹೊರಟಾಗ ಅತ್ತೆ ತಡೆದರು, ಅದು ಬಂದರೆ ತಾವು ಮಂಡಿನೋವಿನಲ್ಲಿ ಎದ್ದು ನಿಲ್ಲಬೇಕಾಗುತ್ತದೆ ಎಂದು. ಕೊನೆಗೆ ನಾನೇ ಬಾಯಿಬಿಟ್ಟು ಹೇಳಿದೆ. ಇವರು ಸಾಸಿವೆ ಡಬ್ಬಿ ಟೀಪಾಯಿಯ ಮೇಲಿಟ್ಟು, "ಜೊತೆಯಲಿ ಇದಾ?" ಅಂದು ನನ್ನನ್ನು ನೋಡಿದ ನೋಟದಲ್ಲಿ ಒಂದಿಡೀ ದಾಂಪತ್ಯದ ಮರುಪರಿಶೀಲನೆ ಇತ್ತು.

ಇದನ್ನು ನಮ್ಮ ಮೇಷ್ಟ್ರಿಗೆ ಹೇಳಿದೆ. ಅವರು ನಗಲಿಲ್ಲ. "ಯಾವ ಹಾಡಿನ ಬೇಸೂ ಒಂಟಿಯಾಗಿ ಕೇಳಿದ್ರೆ ಯಾರಿಗೂ ಗೊತ್ತಾಗಲ್ಲ ಮೇಡಂ. ಮೇಲೆ ಯಾರಾದ್ರೂ ಹಾಡ್ತಿರಬೇಕು" ಅಂದರು.

ಮೇಷ್ಟ್ರು ಆರ್ಕೆಸ್ಟ್ರಾದವರು. ಎಂಬತ್ತರ ದಶಕದಲ್ಲಿ ಗಣೇಶನ ಪೆಂಡಾಲುಗಳಲ್ಲಿ ರಾತ್ರಿ ಒಂದು ಗಂಟೆಯವರೆಗೆ ರಸಮಂಜರಿ ನಡೆಯುತ್ತಿತ್ತಲ್ಲ, ಅದರಲ್ಲಿ ಬೇಸ್. ಗಾಯಕರ ಹೆಸರು ಮೂರು ಸಲ, ಕೀಬೋರ್ಡಿನವರ ಹೆಸರು ಎರಡು ಸಲ, ತಬಲಾ, ಡೋಲಕ್, ರಿದಂ ಪ್ಯಾಡು ಒಂದೊಂದು ಸಲ ಮೈಕಿನಲ್ಲಿ ಹೇಳಿ, ಕೊನೆಗೆ 'ಹಾಗೂ ಇತರರು' ಅನ್ನುತ್ತಿದ್ದರಂತೆ. ಆ ಇತರರು ಇವರೊಬ್ಬರೇ. ಆಮೇಲಾಮೇಲೆ ಕೀಬೋರ್ಡಿನವರ ಎಡಗೈಯೇ ಬೇಸ್ ನುಡಿಸತೊಡಗಿತು, ಒಂದು ಸಂಭಾವನೆ ಉಳಿಯಿತು. ಅದಾದ ಮೇಲೆ ಪೆನ್‌ಡ್ರೈವಿನಲ್ಲಿ ಟ್ರ್ಯಾಕ್ ಬಂದು ಕೀಬೋರ್ಡಿನವರೂ ಮನೆಗೆ ಹೋದರು. ಮೇಷ್ಟ್ರು ಈಗ ಹಗಲು ಹೊತ್ತು ಅಪಾರ್ಟ್‌ಮೆಂಟೊಂದರ ಲೆಕ್ಕ ಬರೆಯುತ್ತಾರೆ. ಅವರ ಹತ್ತಿರ ಬೇಸ್ ಇಲ್ಲ. ಪಾಠಕ್ಕೆ ಬಂದವರು, "ಶ್ರುತಿ ಸರಿಯಿದೆಯಾ ನೋಡ್ತೀನಿ ಕೊಡಿ" ಎಂದು ನನ್ನದನ್ನು ತೆಗೆದುಕೊಳ್ಳುತ್ತಾರೆ. ಶ್ರುತಿ ನೋಡುವುದಕ್ಕೆ ಅವರಿಗೆ ಕಾಲು ಗಂಟೆ ಬೇಕು. ಅಷ್ಟು ಹೊತ್ತು ನಾನು ಒಳಗೆ ಕಾಫಿ ಸೋಸುವ ನೆವದಲ್ಲಿ ನಿಂತಿರುತ್ತೇನೆ. 'ಜೊತೆಯಲಿ'ಯ ಬೇಸ್ ಪೂರ್ತಿ ಓಟದಲ್ಲಿ ಕೇಳುವುದು ಆವಾಗಲೇ.

ಅಮೆರಿಕದ ಜೇಮ್ಸ್ ಜೇಮರ್‌ಸನ್ನನ ಹೆಸರನ್ನು ನನಗೆ ಹೇಳಿದವರೂ ಅವರೇ. ಅರವತ್ತರ ದಶಕದ ಮೋಟೌನ್ ಹಾಡುಗಳಿಗೆಲ್ಲ ಕೆಳಗಿನಿಂದ ಪ್ರಾಣ ತುಂಬಿದವನು, ಬಲಗೈಯ ಒಂದೇ ತೋರುಬೆರಳಲ್ಲಿ ಮೀಟುತ್ತಿದ್ದವನು. ಆ ಕಂಪನಿಯ ಆಲ್ಬಮ್ಮಿನ ಮೇಲೆ ಅವನ ಹೆಸರು ಅಚ್ಚಾದದ್ದು 1971ರಲ್ಲಿ, ಮಾರ್ವಿನ್ ಗೇ ಹಾಡಿದ 'ವಾಟ್ಸ್ ಗೋಯಿಂಗ್ ಆನ್'ನಲ್ಲಿ. ಅಲ್ಲಿಯವರೆಗೆ ಅವನೂ ಇತರರೇ. ನಾನೂ ಒಂದೇ ಬೆರಳಲ್ಲಿ ಮೀಟುತ್ತೇನೆ. ನಮ್ಮಿಬ್ಬರ ಹೋಲಿಕೆ ಅಲ್ಲಿಗೆ ಮುಗಿಯಿತು.

ಮೇಲೆ ಯಾರಾದರೂ ಹಾಡುತ್ತಿರಬೇಕು. ಸರಿ, ನಮ್ಮ ಮನೆಯಲ್ಲಿ ಹಾಡುವವರು ಯಾರು? ಇವರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ. ಉಳಿದವರು ಅತ್ತೆ. ಅವರು ಶುಕ್ರವಾರ ದೀಪ ಹಚ್ಚಿ ಹಾಡುವುದು 'ಭಾಗ್ಯದ ಲಕ್ಷ್ಮೀ ಬಾರಮ್ಮ', ಮಧ್ಯಮಾವತಿಯಲ್ಲಿ. ಬೇಸ್ ಹಿಡಿದು ಆ ರಾಗದ ಸ್ವರ ಹುಡುಕಲು ಕೂತವಳು ಎದ್ದು ಕುಣಿಯುವುದೊಂದು ಬಾಕಿ. ಬೇಸಿನ ತಂತಿಗಳನ್ನು ಒಂದರಿಂದ ಇನ್ನೊಂದಕ್ಕೆ ಷಡ್ಜ-ಮಧ್ಯಮದ ಅಂತರದಲ್ಲಿ ಬಿಗಿದಿರುತ್ತಾರೆ. ಹಾಗಾಗಿ ದಪ್ಪ ತಂತಿಯ ಯಾವುದೋ ಒಂದು ಫ್ರೆಟ್ಟಿನಲ್ಲಿ ಸ ಹಿಡಿದರೆ, ಎರಡು ಫ್ರೆಟ್ ಮುಂದೆ ರಿ. ಪಕ್ಕದ ತಂತಿಯಲ್ಲಿ ಅದೇ ಎರಡು ಜಾಗದಲ್ಲಿ ಮ, ಪ. ಅದರಾಚೆಯ ತಂತಿಯಲ್ಲಿ ಮತ್ತವೇ ಎರಡು ಜಾಗದಲ್ಲಿ ನಿ, ಮೇಲಿನ ಸ. ಮುಗಿಯಿತು, ರಾಗದ ಆರೋಹಣ ಪೂರ್ತಿ! ಎರಡೇ ಬೆರಳು, ಕೈ ಅಲ್ಲಾಡಿಸುವ ಹಾಗೇ ಇಲ್ಲ. 1951ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೂತು ಫ್ರೆಟ್ ಇರುವ ಎಲೆಕ್ಟ್ರಿಕ್ ಬೇಸನ್ನು ಮಾರುಕಟ್ಟೆಗೆ ಬಿಟ್ಟ ಲಿಯೋ ಫೆಂಡರ್‌ಗೆ ತಾನು ಮಧ್ಯಮಾವತಿಗೆ ಇಷ್ಟು ಒಳ್ಳೆಯ ಮನೆ ಕಟ್ಟಿಕೊಟ್ಟದ್ದು ಗೊತ್ತಿತ್ತೋ ಇಲ್ಲವೋ. ಕಚೇರಿಯಲ್ಲಿ ಆದ ದೋಷವೆಲ್ಲ ಪರಿಹಾರವಾಗಲಿ ಎಂದು ಕೊನೆಗೆ ಹಾಡುವ ರಾಗ ಅದು. ನಾನು ಅದರಿಂದಲೇ ಶುರು ಮಾಡಿದೆ, ಮುಂಗಡವಾಗಿ.

ತಕರಾರು ಬಂದದ್ದು ಶ್ರುತಿಯಲ್ಲಿ. ಮೊದಲು ಐದರ ಶ್ರುತಿಯಲ್ಲಿ ಹಾಡುತ್ತಿದ್ದ ಅತ್ತೆಯ ದನಿ ಈಗ ನಾಲ್ಕಕ್ಕೆ ಇಳಿದಿದೆ. ಐದಾದರೆ ನನ್ನ ಬೆರಳುಗಳು ಮೂರು ಮತ್ತು ಐದನೇ ಫ್ರೆಟ್ಟಿನಲ್ಲಿ ಇರುತ್ತವೆ, ನಡುವೆ ಮೂರು ಇಂಚು ಚಿಲ್ಲರೆ. ನಾಲ್ಕಾದರೆ ಒಂದು ಮತ್ತು ಮೂರನೇ ಫ್ರೆಟ್ಟು, ಮೂರೂವರೆ ಇಂಚು. ಆ ಅರ್ಧ ಇಂಚಿಗಾಗಿ ನಮ್ಮ ಮನೆಯಲ್ಲಿ ಅತ್ತೆ-ಸೊಸೆ ಮಾತು ಬಿಟ್ಟದ್ದುಂಟು. "ಐದಕ್ಕೇ ಹಾಡಿ ಅತ್ತೆ, ನಿಮಗೆ ಬರುತ್ತೆ." "ನಿನ್ನ ಬೆರಳು ಚಾಚು, ಎಳೆಯ ಕೈ." ಐವತ್ಮೂರಕ್ಕೆ ನನ್ನ ಕೈಯನ್ನು ಎಳೆಯದು ಅನ್ನುವವರು ಜಗತ್ತಿನಲ್ಲಿ ಅವರೊಬ್ಬರೇ ಆದ್ದರಿಂದ ಚಾಚಿದೆ.

ಅತ್ತೆ ಮೇಲೆ ಹೆಜ್ಜೆಯ ಮೇಲೆ ಹೆಜ್ಜೆ ಇಡಿಸಿಕೊಂಡು ಲಕ್ಷ್ಮಿಯನ್ನು ಕರೆಯುವಾಗ ನಾನು ಕೆಳಗೆ ಹೆಚ್ಚಿಗೆ ಏನನ್ನೂ ಮಾಡುವುದಿಲ್ಲ. ಸ, ಪ, ಎಲ್ಲೋ ಒಂದು ಕಡೆ ಧೈರ್ಯ ಬಂದರೆ ನಿ. ಅತ್ತೆ ಒಂದು ಕಡೆ ಉಸಿರು ಸಾಲದೆ ಸಾಲಿನ ಕೊನೆ ಬಿಟ್ಟರು; ನನ್ನ ಷಡ್ಜ ಅಲ್ಲಿ ನಿಂತಿತ್ತು. ಅವರು ಅದರ ಮೇಲೆ ಕೂತು, ಉಸಿರು ತೆಗೆದುಕೊಂಡು ಮುಂದಕ್ಕೆ ಹೋದರು. ಹಾಡು ಮುಗಿದ ಮೇಲೆ, "ಪರವಾಗಿಲ್ಲವೇ" ಅಂದರು. ನಾನು ಮದುವೆಯಾಗಿ ಬಂದ ಮೇಲೆ ಮಾಡಿದ ಯಾವ ಹುಳಿಗೂ ಸಿಗದ ಸರ್ಟಿಫಿಕೇಟು ಅದು.

ಇವರು ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಮನೆಯವರ ಗುಂಪಿಗೆ ಹಾಕಿದರು. ಧಾರವಾಡದಿಂದ ನಾದಿನಿಯ ಉತ್ತರ ತಕ್ಷಣ ಬಂತು: 'ಅಮ್ಮ ಎಷ್ಟು ಚೆನ್ನಾಗಿ ಹಾಡಿದ್ದಾರೆ ಅತ್ತಿಗೆ! ನೀವ್ಯಾಕೆ ಪಕ್ಕದಲ್ಲಿ ಗಿಟಾರ್ ಹಿಡ್ಕೊಂಡು ಸುಮ್ನೆ ಕೂತಿದ್ದೀರಾ?'

ಹಾಕಿ ಕೇಳಿದೆ. ಹೌದು, ಒಂದು ಸ್ವರವೂ ಇಲ್ಲ. ಫೋನಿನ ಆ ಕಡಲೆಬೇಳೆಯಷ್ಟು ಸ್ಪೀಕರಿಗೆ ಅಷ್ಟು ಕೆಳಗಿನ ಸದ್ದು ಹೊರಡಿಸುವ ತ್ರಾಣ ಇರುವುದಿಲ್ಲ, ಹೆಡ್‌ಫೋನ್ ಹಾಕಿಕೊಂಡು ಕೇಳಮ್ಮಾ ಎಂದು ಉದ್ದಕ್ಕೆ ಬರೆದೆ. ಅವಳು ಒಂದು ಹೆಬ್ಬೆರಳು ಕಳಿಸಿದಳು.

ಅತ್ತೆಗೆ ಇದೆಲ್ಲವನ್ನೂ ಓದಿ ಹೇಳಿದೆ. "ಅವಳಿಗೆ ಮೊದಲಿಂದಲೂ ಸಂಗೀತ ತಲೆಗೆ ಹತ್ತಲಿಲ್ಲ ಬಿಡು" ಅಂದವರು ಅವರೆಕಾಯಿಯ ಮೊರ ಹತ್ತಿರಕ್ಕೆ ಎಳೆದುಕೊಂಡರು. "ಆ ದುಡ್ಡಿನ ಹಾಡು ತೆಗಿ. ಏಳರದ್ದು ಮಾತ್ರ ಬಾರಿಸು. ನಾಲ್ಕಕ್ಕೆ ಹೋಗೋದು ನಮಗೆ ಬೇಡ."